ಬಿಳಿ ಅಂಚಿನ ಎಲೆ

ಅಕ್ಕಾ,

ಮೊಣಕಾಲಿನ ಆಪರೇಷನ್ ಆಗಿ ನಾನು ಮಲಗಿದ್ದಾಗ ನೀನು ಬಂದು ಅಡುಗೆ ಮಾಡಿ ಹಾಕಿದೆ, ತೋಟಕ್ಕೆ ನೀರುಣಿಸಿದೆ. ಉಪಕಾರವೇ. ಆದರೆ ಅಡುಗೆಯ ಪರಿಮಳಕ್ಕೆಂದು ಬೆಳೆಸಿದ ನನ್ನ ಸೇಜ್ ಗಿಡವನ್ನು ಯಾಕೆ ಮುಟ್ಟಿದೆ? "ಎಲೆಗೆಲ್ಲ ಬೆಳ್ಳಗೆ ರೋಗ ಹತ್ತಿತ್ತು ಕಣೇ, ಕೂತು ಒಂದೊಂದೇ ಕಿತ್ತು ಹಾಕ್ದೆ" ಎಂದು ಅದೆಷ್ಟು ಹೆಮ್ಮೆಯಿಂದ ಹೇಳಿದೆ.

ಅದು ರೋಗವಲ್ಲ. ಆ ಎಲೆ ಹುಟ್ಟುವುದೇ ಹಾಗೆ. ನಡುವೆ ಹಸಿರು, ಅಂಚಿಗೆ ಬಿಳಿ, ಚಿಗುರಿಗೆ ನೇರಳೆ. ನೋಡಲು ಚೆಂದ, ಬೆಣ್ಣೆಯಲ್ಲಿ ಹುರಿದರೆ ಘಮಘಮ. ಬರೀ ಹಸಿರು ಟಿಸಿಲು ಒಡೆದರೆ ಅದನ್ನೇ ಬುಡಕ್ಕೆ ಕತ್ತರಿಸಬೇಕು, ಬಿಟ್ಟರೆ ಗಿಡವನ್ನೆಲ್ಲ ನುಂಗಿಬಿಡುತ್ತದೆ. ನೀನು ಅದೊಂದನ್ನೇ ಜೋಪಾನವಾಗಿ ಉಳಿಸಿದ್ದೀಯ.

ಗಿಡ ಹೋದರೆ ಹಾಳಾಗಿ ಹೋಗಲಿ. ಹೊರಡುವಾಗ ಬಾಗಿಲಲ್ಲಿ ನಿಂತು, ಚಪ್ಪಲಿ ಹುಡುಕುವವಳ ಹಾಗೆ ತಲೆ ತಗ್ಗಿಸಿಕೊಂಡು ಏನೆಂದೆ? "ಮಗಳ ಮದುವೆಗೆ ನೀನು ಬರದಿದ್ರೇ ಒಳ್ಳೇದು. ಇದು ಅಂಟೋದಲ್ಲ ಅಂತ ಬೀಗರಿಗೆಲ್ಲ ಯಾರು ಹೇಳ್ತಾ ಕೂರೋದು?"

"ಇದು" ಅಂದೆ. ನನ್ನ ಕೈ, ಕುತ್ತಿಗೆ, ತುಟಿಯ ಮೇಲಿನ ತೊನ್ನನ್ನು ಹೆಸರು ಹಿಡಿದು ಕರೆಯಲೂ ನಿನ್ನ ನಾಲಿಗೆ ಹೊರಳಲಿಲ್ಲ.

ನೀನು ಕೆಲಸಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ಆ ಮಗುವಿಗೆ ತುತ್ತಿಟ್ಟದ್ದು ಇದೇ ಕೈ ಅಲ್ಲವೇ? ಆಗ ಅಂಟಲಿಲ್ಲವೇ? "ಚಿಕ್ಕಮ್ಮಾ, ಹಾಲು ಚೆಲ್ಕೊಂಡಿದ್ದೀಯ" ಎಂದು ಅವಳು ತನ್ನ ಅಂಗಿಯ ತುದಿಯಿಂದ ನನ್ನ ಮಣಿಕಟ್ಟು ಒರೆಸುತ್ತಿದ್ದಳು. ಹೋಗದಿದ್ದರೆ ಮತ್ತೆ ಒರೆಸುತ್ತಿದ್ದಳು. ನಾನು ನಕ್ಕು ಇನ್ನೊಂದು ತುತ್ತಿಡುತ್ತಿದ್ದೆ.

ನಿನ್ನೆ ಅವಳೇ ಫೋನ್ ಮಾಡಿದ್ದಳು. "ಕಾಲುನೋವು, ಬರೋಕಾಗಲ್ಲ ಅಂದ್ಯಂತೆ? ಅಮ್ಮ ಹೇಳಿದ್ಲು. ನೀನಿಲ್ದೆ ಹೇಗೆ ಚಿಕ್ಕಮ್ಮಾ?" ನಿನ್ನ ಮರ್ಯಾದೆ ಉಳಿಸಲು ಹೌದು ಎಂದುಬಿಟ್ಟೆ. ಅವಳು ಅತ್ತಳು. ಆಮೇಲೆ, "ನನ್ನ ಹೂಗುಚ್ಛಕ್ಕೆ ನಿನ್ನ ಸೇಜ್ ಎಲೆ ಆದ್ರೂ ಕಳಿಸು, ಆ ಬಿಳಿ ಅಂಚಿಂದೇ ಬೇಕು" ಎಂದಳು.

ಬಿಳಿ ಅಂಚಿನದು ಎಲ್ಲಿಂದ ತರಲಿ? ನೀನು ಉಳಿಸಿದ್ದನ್ನೇ ಈ ಕಾಗದದ ಜೊತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ಅಪ್ಪಟ ಹಸಿರು. ಬೀಗರೆಲ್ಲರ ಮುಂದೆ ಧೈರ್ಯವಾಗಿ ಹಿಡಿಸು, ಒಂದು ಕಲೆಯೂ ಇಲ್ಲ.

ಮಗು ಸುಖವಾಗಿರಲಿ. ಬಿಳಿಯದು ಏನಾಯಿತೆಂದು ಅವಳು ಕೇಳಿದರೆ ನೀನೇ ಹೇಳು.

ಕಾಲುನೋವು ಪೂರ್ತಿ ವಾಸಿಯಾಗಿರುವ
ನಿನ್ನ ತಂಗಿ