ಒಂಟೆಯ ಮಂಡಿಯ ಸುದ್ದಿ

ಮಂಗಳವಾರ, ಮಧ್ಯಾಹ್ನ ಊಟದ ಬಿಡುವು

ಪ್ರೀತಿಯ ಕುಳ್ಳ,

ನಿನ್ನೆ ಕೆಟ್ಟ ಕನಸು ಬಿತ್ತು. ನಾನು ನಮ್ಮ ಲಾಂಡ್ರಿಯ ಮೂರನೇ ಮಷೀನಿನ ಒಳಗೆ ಮುದುರಿ ಕೂತಿದ್ದೇನೆ. ಗಾಜಿನ ಬಾಗಿಲು ಹೊರಗಿನಿಂದ ಹಾಕಿದೆ. ನೀರೂ ಬರುತ್ತಿಲ್ಲ, ಡ್ರಮ್ಮೂ ತಿರುಗುತ್ತಿಲ್ಲ. ಹೊರಗೆ ನಮ್ಮ ಕ್ಲಬ್ಬಿನ ಇಡೀ ಬ್ಯಾಸ್ಕೆಟ್‌ಬಾಲ್ ತಂಡ ಬೆಂಚಿನ ಮೇಲೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದೆ. ಕೂಗೋಣ ಅಂತ ಬಾಯಿ ಬಿಟ್ಟರೆ ಬರೀ ಸೋಪಿನ ನೊರೆ. ಎಚ್ಚರವಾದ ಮೇಲೂ ಎರಡು ಸಲ ಬಾಯಿ ಮುಕ್ಕಳಿಸಿದೆ. ನೀನು ನಗುತ್ತೀಯ ಅಂತ ಗೊತ್ತು, ನಗು.

ಇದೇನು, ಅಕ್ಕ ಕಾಗದ ಬರೆದಿದ್ದಾಳೆ ಅಂತ ಗಾಬರಿಯಾಗಬೇಡ. ಬೆಳಿಗ್ಗೆ ಕೆಲಸಕ್ಕೆ ಬಂದ ತಕ್ಷಣ ಮೇಡಂ ಲಾಂಡ್ರಿಯ ಐದೂ ಜನರ ಫೋನುಗಳನ್ನು ಒಂದು ಟಬ್ಬಿನಲ್ಲಿ ಹಾಕಿಸಿಕೊಂಡು ಮೇಲೆ ಕ್ಲಬ್ಬಿನ ಕಚೇರಿಗೆ ಒಯ್ದರು. ನಾವಿಬ್ಬರೂ ಒಂಟೆ ಅಂತ ಕರೆಯುವ ಆ ಉದ್ದನೆಯ ಆಟಗಾರನ ಮಂಡಿಯ ಸುದ್ದಿ ಹೊರಗೆ ಹೋಗಿದ್ದು ಯಾರಿಂದ ಅಂತ ವಿಚಾರಣೆ. ಒಬ್ಬೊಬ್ಬರನ್ನೇ ಮೇಲೆ ಕರೆಯುತ್ತಾರೆ, ಅಲ್ಲಿಯವರೆಗೆ ಯಾರೂ ನೆಲಮಾಳಿಗೆ ಬಿಟ್ಟು ಹೋಗುವಂತಿಲ್ಲ. ನನ್ನ ಸರದಿ ನಾಲ್ಕು ಗಂಟೆಗೆ. ಇಸ್ತ್ರಿ ಮಾಡುವ ದೊಡ್ಡಕ್ಕನಿಗೆ ಮಾತ್ರ ಇದೆಲ್ಲ ತಮಾಷೆ. "ನನ್ನ ಫೋನ್ ತೆಗೆದು ನೋಡಿದೋರು ಅಳ್ತಾ ಕೂತ್ಕೋತಾರೆ ಕಣೇ, ಅದರ ತುಂಬ ನನ್ನ ಸೊಸೆ ಬೈದಿರೋದೇ ಇರೋದು" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ನಗು ಸ್ವಲ್ಪ ಜಾಸ್ತಿಯಾಯಿತೇನೋ ಅಂತ ಆಗಿನಿಂದ ಚಿಂತೆ. ನಿನಗೆ ಕಳಿಸಿದ ಫೋಟೋ, ಮೆಸೇಜು ಎಲ್ಲ ಅವತ್ತೇ ಅಳಿಸಿದ್ದೇನೆ. ಆದರೆ ಅಳಿಸಿದ್ದು ನಿಜವಾಗಿ ಅಳಿಯುತ್ತದಾ? ನಿನಗೆ ಇಂಥದ್ದೆಲ್ಲ ಗೊತ್ತಿರುತ್ತದೆ.

ಸೋಪಿನ ಡಬ್ಬ ಇಳಿಸಲು ಬರುವ ವ್ಯಾನಿನ ಡ್ರೈವರಣ್ಣ ನಿನ್ನ ಕನ್ನಡಕದ ಅಂಗಡಿಯ ಮುಂದೆಯೇ ಹೋಗುತ್ತಾನೆ. ಅವನ ಕೈಲಿ ಇದನ್ನು ಕಳಿಸುತ್ತೇನೆ. ಕಾಗದ ಸಿಗಲಿಲ್ಲ, ಬಟ್ಟೆ ಲೆಕ್ಕದ ಚೀಟಿಗಳ ಹಿಂದೆ ಬರೆದಿದ್ದೇನೆ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳ ಅಕ್ಷರ, ಒತ್ತು ದೀರ್ಘ ನೀನೇ ಸರಿ ಮಾಡಿಕೊಂಡು ಓದು.

ನನ್ನ ಅಭಿಪ್ರಾಯಗಳು ನಿನಗೆ ಬಾಯಿಪಾಠ. ಈ ಸಲ ಕೋಚ್ ಮಾಡಿದ್ದೆಲ್ಲ ತಲೆಕೆಟ್ಟ ಕೆಲಸ. ಎಲ್ಲರೂ ದೂರ ನಿಂತು ಮೂರು ಪಾಯಿಂಟಿಗೆ ಎಸೆಯುವುದು, ಬಿದ್ದ ಚೆಂಡಿಗೆ ಬುಟ್ಟಿಯ ಕೆಳಗೆ ಒಂಟೆಯೊಬ್ಬನೇ ಒದ್ದಾಡುವುದು. ಮುಂದಿನ ವರ್ಷ ಲೀಗಿನವರು ಇನ್ನೂ ಎಂಟು ಪಂದ್ಯ ಸೇರಿಸುತ್ತಾರಂತೆ. ಅವರಿಗೇನು, ಓಡುವ ಕಾಲೂ ಅವರದಲ್ಲ, ಒಗೆಯುವ ಕೈಯೂ ಅವರದಲ್ಲ. ಎರಡು ದಿನ ಸಾಲಾಗಿ ಆಟವಿದ್ದರೆ ಒಳ್ಳೆಯ ಆಟಗಾರನನ್ನೇ ವಿಶ್ರಾಂತಿ ಅಂತ ಕೂರಿಸುತ್ತಾರೆ. ಟಿಕೆಟ್ ತೆಗೆದುಕೊಂಡು ಬಂದ ಜನ ಕೋಚ್‌ನ ಕೋಟು ನೋಡಲು ಬಂದಿದ್ದಾರಾ? ಇದನ್ನೆಲ್ಲ ನಾನು ಹೇಳಿ ನೀನು ಇಂಟರ್ನೆಟ್ಟಿನ ನಿನ್ನ ಪೇಜಿನಲ್ಲಿ ಬರೆದಾಗ ಜನ ಹೌದು ಹೌದು ಅಂದರು. ಒಂಟೆಯ ಮಂಡಿ ಮುಗಿದಿದೆ, ಅವನು ಈಗ ಹಾರುವುದಿಲ್ಲ, ಬರೀ ಕೈ ಚಾಚುತ್ತಾನೆ ಅಂತ ನಾನು ಹೇಳಿದ್ದಕ್ಕೆ ಮಾತ್ರ ನಿನಗೆ ಉಗಿದರು. ಪುರಾವೆ ಎಲ್ಲಿ ಅಂದರು. ಒಬ್ಬನಂತೂ "ಮನೇಲಿ ಕೂತು ಪಾತ್ರೆ ತೊಳ್ಕೊಂಡಿರೋ" ಅಂತ ನಿನಗೆ ಬರೆದಿದ್ದ. ಅದು ನಿನಗೆ ಹೇಳಿದ್ದಾದರೂ ನನಗೇ ತಾಗಿತು. ಮೂರು ತಿಂಗಳು ಅದನ್ನು ನುಂಗಿಕೊಂಡೆ.

ಈಗ ಗುರುವಾರದ ವಿಷಯ. ನಿನಗೆ ಅವತ್ತು ಅರ್ಧವನ್ನೇ ಹೇಳಿದ್ದೆ.

ಇಲ್ಲಿ ಒಬ್ಬೊಬ್ಬ ಆಟಗಾರನ ಬಟ್ಟೆಯೂ ಅವನ ನಂಬರಿನ ಬಲೆಚೀಲದಲ್ಲಿ ಬರುತ್ತದೆ. ಚೀಲ ಬಿಚ್ಚದೆ ಹಾಗೇ ಒಗೆದು, ಹಾಗೇ ಒಣಗಿಸಿ, ಹಾಗೇ ಮೇಲೆ ಕಳಿಸಬೇಕು. ಅಂಗಿಯ ಮೇಲೆ ನಂಬರಿರುತ್ತದೆ, ಕಾಲುಚೀಲಕ್ಕೆ, ಮಂಡಿಪಟ್ಟಿಗೆ ಇರುವುದಿಲ್ಲ. ಅವಕ್ಕೆ ಚೀಲವೇ ಹೆಸರು. ಗುರುವಾರ ಮಷೀನಿನೊಳಗೆ ಎರಡು ಚೀಲಗಳ ಜಿಪ್ಪು ಕಿತ್ತುಹೋಗಿ ಎಲ್ಲ ಕಲಸಿಹೋಗಿತ್ತು. ಒಂದು ಒಂಟೆಯದು, ಇನ್ನೊಂದು ಯಾರೊಡನೆಯೂ ಮಾತಾಡದ ಆ ಆಟಗಾರ, ನಮ್ಮ ಮೌನಿಯದು. ಮೇಡಂಗೆ ಹೇಳಬೇಕಿತ್ತು. ಹೇಳಿದರೆ ಬೈಗುಳ, ಅದಕ್ಕೆ ನಾನೇ ಕೂತು ಬೇರೆ ಮಾಡಿದೆ. ಅಂಗಿ ಚಡ್ಡಿ ಸುಲಭ. ಕೊನೆಗೆ ಒಂದು ಕಪ್ಪು ಮಂಡಿಪಟ್ಟಿ ಉಳಿಯಿತು. ತಿರುಗಿಸಿ ನೋಡಿದರೆ ಒಳಗೆ ಮುಲಾಮಿನ ಹಳದಿ ಕರೆ, ಅದರ ಸುತ್ತ ಒಗೆದರೂ ಹೋಗದ ರಕ್ತ. ಇದು ಯಾರದು? ಮೌನಿಗೆ ಇಪ್ಪತ್ತಾರು ವರ್ಷ, ಜಿಂಕೆಯ ಹಾಗೆ ಓಡುತ್ತಾನೆ. ಒಂಟೆಗೆ ಮೂವತ್ತನಾಲ್ಕು. ನನ್ನ ತಲೆಯಲ್ಲಿ ತೀರ್ಪು ಮೊದಲೇ ಆಗಿತ್ತಲ್ಲ, ಒಂಟೆಯ ಚೀಲಕ್ಕೆ ಹಾಕಿದೆ. ಹಾಕುವ ಮೊದಲು ಫೋಟೋ ತೆಗೆದು ನಿನಗೆ ಕಳಿಸಿದೆ. ಜಿಪ್ಪು ಕಿತ್ತದ್ದನ್ನು ಬರೆಯಲಿಲ್ಲ. "ಪುರಾವೆ ಸಿಕ್ತು" ಅಂತ ಅಷ್ಟೇ ಬರೆದೆ.

ಫೋಟೋ ಹಾಕಬೇಡ ಅಂದಿದ್ದೆ, ನೀನು ಹಾಕಲಿಲ್ಲ. ಶನಿವಾರ ಸುದ್ದಿ ಮಾತ್ರ ಹಾಕಿದೆ. ಅದನ್ನು ಪೇಪರಿನವರು, ರೇಡಿಯೋದವರು ಎತ್ತಿಕೊಂಡರು. ಎಷ್ಟು ಜನ ಓದಿದರು ಅಂತ ನೀನು ಗಂಟೆಗೊಂದು ಸಲ ಹೇಳುತ್ತಿದ್ದೆ. ನಾನೂ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ.

ಭಾನುವಾರ ಮೌನಿ ಕೆಳಗೆ ಬಂದ. ಆಟಗಾರರಲ್ಲಿ ಇಲ್ಲಿಗೆ ತಾನಾಗಿ ಇಳಿದು ಬರುವವನು ಒಂಟೆ ಒಬ್ಬನೇ. ಮೌನಿ ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿದ. "ಅಕ್ಕಾ, ನಂದೊಂದು ಕಪ್ಪು ಪಟ್ಟಿ ಬರ್ಲಿಲ್ಲ" ಅಂದ. ಅದು ಒಂಟೆಯ ಚೀಲದಲ್ಲಿ ಮೇಲೆ ಹೋಗಿ ಮೂರು ದಿನವಾಗಿತ್ತು. ಹುಡುಕುತ್ತೇನೆ ಅಂದೆ. ಹೋಗುವಾಗ ತಿರುಗಿ, "ಅದರಲ್ಲಿ ಏನಾದ್ರೂ ನೋಡಿದ್ರೆ ಯಾರಿಗೂ ಹೇಳ್ಬೇಡಿ ಅಕ್ಕಾ. ಈ ಸೀಸನ್ನಿಗೆ ನನ್ನ ಒಪ್ಪಂದ ಮುಗಿಯುತ್ತೆ" ಅಂದ. ಆ ಹುಡುಗ ಅಷ್ಟು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಈಗ ನೋಡು ನನ್ನ ಸ್ಥಿತಿ. ಒಂಟೆಯನ್ನು ಕೊಳ್ಳುತ್ತೇವೆ ಅಂದಿದ್ದ ತಂಡದವರು ನಿನ್ನೆಯಿಂದ ಹಿಂದೆ ಸರಿಯುತ್ತಿದ್ದಾರೆ. ಹೋದ ತಿಂಗಳು ಅವರ ಡಾಕ್ಟರೇ ನೋಡಿ ಮಂಡಿ ಸರಿಯಿದೆ ಅಂದಿದ್ದರು. ಈಗ, ಆಮೇಲೆ ಏನೋ ಆಗಿದೆ, ಕ್ಲಬ್ಬಿನವರು ಮುಚ್ಚಿಟ್ಟಿದ್ದಾರೆ ಅಂತ ಅವರಿಗೆ ಅನುಮಾನ. ಮತ್ತೆ ಪರೀಕ್ಷೆ ಮಾಡಿಸಲು ಹೊತ್ತಿಲ್ಲ, ನಮ್ಮ ತಂಡ ಈಗ ಬೇರೆ ಊರಿನಲ್ಲಿ ಆಡುತ್ತಿದೆ, ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಆಟಗಾರರನ್ನು ಬದಲಾಯಿಸುವ ಗಡುವು ಮುಗಿಯುತ್ತದೆ. ಆ ತಂಡದ ಊರಿನಲ್ಲೇ ಒಂಟೆಯ ಹೆಂಡತಿ, ಮಗಳು ಇರುವುದು. ಹೋದ ವಾರ ಚೀಲ ಕೊಡಲು ಬಂದವನು ಇಸ್ತ್ರಿ ಮೇಜಿಗೆ ಒರಗಿ ನಿಂತು, "ಎರಡು ವರ್ಷದಿಂದ ಮಗಳು ಬೆಳೆಯೋದನ್ನ ಫೋನಲ್ಲೇ ನೋಡ್ತಿದೀನಿ ಅಕ್ಕಾ. ಇನ್ನೊಂದು ವಾರ ಅಷ್ಟೇ" ಅಂದಿದ್ದ. ದೊಡ್ಡಕ್ಕ, "ಆಮೇಲೆ ನಿನ್ನ ಈ ಹಾಸಿಗೆಯಷ್ಟುದ್ದದ ಚಡ್ಡಿ ಯಾರು ಇಸ್ತ್ರಿ ಮಾಡ್ತಾರೋ ಪಾಪ" ಅಂತ ಗೇಲಿ ಮಾಡಿದ್ದಳು. ಎಲ್ಲಿ ನೋಡಿದರೂ ಆ ಮುಖವೇ ಕಾಣುತ್ತದೆ.

ನಾನು ಬಾಯಿ ಬಿಟ್ಟು, ಅದು ಒಂಟೆಯ ಪಟ್ಟಿಯಲ್ಲ ಅಂದರೆ, ಮತ್ತೆ ಯಾರದು ಅಂತ ಕೇಳುತ್ತಾರೆ. ಮೌನಿಯ ಅನ್ನ ಹೋಗುತ್ತದೆ, ನನ್ನದೂ ಹೋಗುತ್ತದೆ. ಬಾಯಿ ಬಿಡದಿದ್ದರೆ ಒಂಟೆ ಇಲ್ಲೇ ಉಳಿಯುತ್ತಾನೆ. ಈ ಕೋಣೆಗೆ ಕಿಟಕಿಯಿಲ್ಲ ಅಂತ ಹನ್ನೊಂದು ವರ್ಷದಲ್ಲಿ ಇವತ್ತೇ ಗಮನಿಸಿದ ಹಾಗಿದೆ. ಡ್ರೈಯರಿನ ಬಿಸಿ, ಕುತ್ತಿಗೆಯಲ್ಲಿ ಬೆವರು, ಬಾಗಿಲು ತೆರೆದಾಗಲೆಲ್ಲ ನನ್ನನ್ನೇ ಕರೆದರು ಅನ್ನಿಸುತ್ತದೆ.

ನಿನ್ನಿಂದ ಒಂದು ಉಪಕಾರ ಆಗಬೇಕು. ಸುದ್ದಿ ತಪ್ಪು, ಆ ಪಟ್ಟಿ ಒಂಟೆಯದಲ್ಲ, ಅವನ ಮಂಡಿಗೆ ಏನೂ ಆಗಿಲ್ಲ ಅಂತ ಇವತ್ತೇ ಬರೆ. ಮೌನಿಯ ಹೆಸರು ಎತ್ತಬೇಡ. ನೀನು ಸುಮ್ಮನೆ ಒಪ್ಪುವವನಲ್ಲ, ಅಷ್ಟು ಜನ ಓದಿದ ಸುದ್ದಿಯನ್ನು ಕೈಯಾರೆ ಅಳಿಸು ಅಂದರೆ ನಿನಗೂ ಕಷ್ಟವೇ. ಅದಕ್ಕೆ ನೀನೇ ಕಣ್ಣಾರೆ ನೋಡಿ ನಂಬುವುದೊಂದಿದೆ. ಪಟ್ಟಿಯ ಒಳಗೆ ಅಳತೆಯ ಬಿಳಿ ಚೀಟಿ ಹೊಲಿದಿರುತ್ತದೆ. ಒಂಟೆಯದು ಎಕ್ಸ್‌ಎಕ್ಸ್‌ಎಲ್, ಅದಕ್ಕಿಂತ ಚಿಕ್ಕದು ಅವನ ತೊಡೆಗೆ ಏರುವುದೇ ಇಲ್ಲ. ಅವತ್ತಿನ ಗಡಿಬಿಡಿಯಲ್ಲಿ ಚೀಟಿ ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಫೋಟೋ ನೋಡಿ ನೀನು "ರಕ್ತ ಬಿಟ್ರೆ ಬೇರೇನೂ ಕಾಣ್ತಿಲ್ಲ" ಅಂದಿದ್ದೆ, ನಿಜ. ಆದರೂ ನಿನ್ನದು ಕನ್ನಡಕದ ಅಂಗಡಿ, ಸಣ್ಣ ಅಕ್ಷರ ಓದಿ ಅಭ್ಯಾಸವಿದೆ, ನಿನ್ನ ಹತ್ತಿರವಿರುವ ಫೋಟೋದಲ್ಲಿ ಆ ಚೀಟಿ ಹುಡುಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಓದಿದ ಮೇಲೆ ಈ ಚೀಟಿಗಳನ್ನು ಹರಿದು ಎರಡು ಬೇರೆ ಬೇರೆ ಬುಟ್ಟಿಗೆ ಹಾಕು.

ಸದಾ ನಿನ್ನದೇ ಯೋಚನೆಯಲ್ಲಿರುವ
ಅಕ್ಕ

ತಾ.ಕ.: ಡ್ರೈವರಣ್ಣ ಇನ್ನೂ ಡಬ್ಬ ಇಳಿಸುತ್ತಿದ್ದಾನೆ, ಅದಕ್ಕೇ ಇಷ್ಟು ಸೇರಿಸುತ್ತಿದ್ದೇನೆ. ಅಳತೆಯ ಚೀಟಿ ನೋಡಲು ಹೊಳೆಯಲಿಲ್ಲ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು ಕುಳ್ಳ. ನೋಡಿದ್ದೆ. ‘ಎಂ’ ಅಂತ ಇತ್ತು, ಮೌನಿಯ ಅಳತೆ. ನೋಡಿದ ಮೇಲೆಯೇ ಅದನ್ನು ಹೆಬ್ಬೆರಳಿನಿಂದ ಒಳಕ್ಕೆ ಮಡಚಿ ಫೋಟೋ ತೆಗೆದೆ. ಒಂದು ಸಲವಾದರೂ ನಾನು ಹೇಳಿದ್ದೇ ಸರಿ ಅಂತ ಆಗಲಿ ಅನ್ನಿಸಿತ್ತು. ನಾಲ್ಕು ಗಂಟೆಗೆ ಮೇಡಂ ಮುಂದೆ ಇದು ನನ್ನ ಬಾಯಿಂದ ಬರುತ್ತದೋ ಇಲ್ಲವೋ ಹೇಳಲಾರೆ. ಅವಸರದಲ್ಲಿ ಮಡಚಿದ್ದು, ಪೂರ್ತಿ ಮುಚ್ಚಿರಲಿಕ್ಕಿಲ್ಲ. ಬಲಗಡೆ ಹೊಲಿಗೆಯ ಹತ್ತಿರ ಬಿಳಿ ಮೂಲೆಯೊಂದು ಹೊರಗೆ ಉಳಿದಿದೆಯಾ, ಫೋಟೋ ದೊಡ್ಡದು ಮಾಡಿ ಇನ್ನೊಂದು ಸಲ ನೋಡು.