ತಟ್ಟೆಯಲ್ಲಿಟ್ಟು ಕಳಿಸಿದ ಹಾಡು

ಮರ್ಗಿಲಾನ್
೧೬ ಮೇ ೧೯೯೩, ಭಾನುವಾರ

ನನ್ನ ಮುದ್ದು ಮುನಿಸಾ,

ತಾಷ್ಕೆಂಟಿನಿಂದ ನೀನು ಬರೆದ ಕಾಗದ ಕೈಸೇರಿತು. ನೀನು, ಅಳಿಯಂದಿರು, ನಿನ್ನ ಅತ್ತೆ ಎಲ್ಲರೂ ಚೆನ್ನಾಗಿದ್ದೀರೆಂದು ಓದಿ ಜೀವಕ್ಕೆ ಸಮಾಧಾನವಾಯಿತು. ನಾನೂ ಚೆನ್ನಾಗಿದ್ದೇನೆ. ನನ್ನ ಮಂಡಿನೋವು ನನಗಿಂತಲೂ ಚೆನ್ನಾಗಿದೆ. ನಮ್ಮ ಓಣಿಗೆ ರೇಷ್ಮೆಹುಳುಗಳು ಬಂದಿವೆ, ಯಾರ ಮನೆಗೆ ಹೋದರೂ ಹಿಪ್ಪುನೇರಳೆ ಸೊಪ್ಪು ತುಳಿದುಕೊಂಡೇ ಒಳಗೆ ಹೋಗಬೇಕು.

ಈಗ ನಿನ್ನ ಕಾಗದದ ಎರಡನೇ ಪುಟಕ್ಕೆ ಬರುತ್ತೇನೆ. ಅಪ್ಪ ಅಷ್ಟು ಪ್ರೀತಿಯಿಂದ ಕೂಡಿಟ್ಟ ನಿನ್ನ ರೆಕಾರ್ಡುಗಳನ್ನು ಯಾರಿಗೂ ಕೊಡಬೇಡಮ್ಮ, ನಮ್ಮ ಗಾಜಿನ ಬೀರುವಿನಲ್ಲಿ ಸಾಲಾಗಿ ಜೋಡಿಸಿ ಇಡುತ್ತೇವೆ ಎಂದು ಬರೆದಿದ್ದೀಯೆ. ಆಗುವುದಿಲ್ಲ ಮಗಳೇ. ಕೊಟ್ಟಾಯಿತು. ಸಿಟ್ಟು ಬಂದರೆ ಒಂದು ಬಟ್ಟಲು ಚಹಾ ಕುಡಿದು ಬಂದು ಮುಂದೆ ಓದು.

ಇಡೀ ಮರ್ಗಿಲಾನ್ ಹೇಳುವ ಕಥೆಯನ್ನೇ ನೀನೂ ಕೇಳಿ ಬೆಳೆದವಳು. ಎಂಥ ಗಂಡನಪ್ಪ ಆ ತುರಾಬ್‌ಜಾನ್, ಹೆಂಡತಿ ಹಾಡಿದ ರೆಕಾರ್ಡು ಯಾವ ಊರಲ್ಲಿ ಕಂಡರೂ ಬಿಡದೆ ಹೊತ್ತು ತರುತ್ತಿದ್ದನಂತೆ! ಮದುವೆಯಾಗಿ ಹೋದ ಮನೆಯಲ್ಲೂ ನೀನು ಇದನ್ನು ಹೆಮ್ಮೆಯಿಂದ ಹೇಳಿಕೊಂಡೆ. ಅಪ್ಪನ ಮೇಲೆ ಮಗಳಿಗಿರುವ ಪ್ರೀತಿಗೆ ನಾನೇಕೆ ಕಲ್ಲು ಹಾಕಲಿ ಎಂದು ಸುಮ್ಮನಿದ್ದೆ. ಆದರೆ ಆ ಕಥೆಯನ್ನೀಗ ಬೀರುವಿನಲ್ಲಿಟ್ಟು ಬೀಗ ಹಾಕಲು ಹೊರಟಿದ್ದೀಯಲ್ಲ, ಇನ್ನು ಸುಮ್ಮನಿರಲಾರೆ.

ನಾನು ರೇಷ್ಮೆ ಕಾರ್ಖಾನೆಯಲ್ಲಿ ನೂಲು ತೆಗೆಯುತ್ತಿದ್ದ ಹುಡುಗಿ. ಕಾರ್ಖಾನೆಯ ಹಾಡಿನ ತಂಡವನ್ನು ತಾಷ್ಕೆಂಟಿಗೆ ಕರೆಸಿದಾಗ ನನ್ನನ್ನೂ ಕರೆದೊಯ್ದರು. ನಮ್ಮಜ್ಜಿ ಹೇಳಿಕೊಟ್ಟ ಹಾಡುಗಳನ್ನು ಒಂದು ದೊಡ್ಡ ಮೈಕಿನ ಮುಂದೆ ನಿಂತು ಹಾಡಿದೆ. ರೆಕಾರ್ಡಿನ ಒಂದು ಕಡೆಗೆ ಲಾಲಿ, ಇನ್ನೊಂದು ಕಡೆಗೆ ಹೆಣ್ಣನ್ನು ಕಳಿಸಿಕೊಡುವ ಹಾಡು. ಚಳಿಗಾಲ ಮುಗಿಯುವ ಹೊತ್ತಿಗೆ ಅಂಗಡಿಯಲ್ಲಿ ಕಪ್ಪು ರೆಕಾರ್ಡು ಬಂತು, ನಡುವೆ ಕೆಂಪು ಕಾಗದದ ಮೇಲೆ ನನ್ನ ಹೆಸರು, ಇನೋಯತ್ ಕಾಮಿಲೋವಾ. ಆ ಸಂತೋಷಕ್ಕೆ ರಸ್ತೆಯಲ್ಲೇ ಕುಣಿದುಬಿಟ್ಟೆ ಕಣೆ.

ಮುಂದಿನ ವಸಂತದಲ್ಲಿ ಮದುವೆಯಾಯಿತು. ಆಗಿನ್ನೂ ನನ್ನ ಕೈಯ ಮೆಹಂದಿ ಮಾಸಿರಲಿಲ್ಲ, ನಿನ್ನಪ್ಪ ಪಕ್ಕದಲ್ಲಿ ಕೂತು, "ಇನ್ಮೇಲೆ ನಿನ್ ದನಿ ಈ ಗೋಡೆ ದಾಟ್ಬಾರ್ದು. ಚಹಾದಂಗ್ಡೀಲಿ ಕಂಡೋರೆಲ್ಲ ಕಾಲು ಚಾಚ್ಕೊಂಡು ನನ್ ಹೆಂಡ್ತಿ ದನಿ ಕೇಳೋದು ನಂಗಿಷ್ಟ ಇಲ್ಲ" ಎಂದರು. ಕಿರುಚಲಿಲ್ಲ. ಕಿರುಚಿದ್ದರೆ ನಾನೂ ತಿರುಗಿ ಕಿರುಚುತ್ತಿದ್ದೆ. ಆಮೇಲೆ ಅವರು ಓಡಿಸುತ್ತಿದ್ದ ಲಾರಿ ಎಲ್ಲಿಗೆ ಹೋದರೂ ಅದೇ ಕೆಲಸ. ಕೋಕಂದ್, ಅಂದಿಜಾನ್, ನಮಂಗಾನ್, ಯಾವ ಅಂಗಡಿಯಲ್ಲಿ ನನ್ನ ಹೆಸರು ಕಂಡರೂ ಇದ್ದದ್ದೆಲ್ಲ ಕೊಂಡು ತರುವುದು, ಪೆಟ್ಟಿಗೆಗೆ ಹಾಕಿ ಬೀಗ ಜಡಿಯುವುದು, ಬೀಗದ ಕೈ ಜೇಬಿಗೆ. ಮಾರಲು ಒಪ್ಪದ ಚಹಾದಂಗಡಿಯವನಿಗೆ ಒಂದಕ್ಕೆ ಬೇರೆಯವರ ಎರಡು ಹೊಸ ರೆಕಾರ್ಡು ಕೊಟ್ಟು ಕಸಿದು ತಂದರು. ಹಾಗೆ ಕೂಡಿದ್ದು ಈ ರಾಶಿ. ನೀನು ಹುಟ್ಟಿದಾಗ ನಿನಗೆ ಲಾಲಿ ಹಾಡಿದ್ದು ನಿನ್ನಪ್ಪನ ತಾಯಿ. ದನಿ ಗೋಡೆ ದಾಟೀತೆಂದು ನಾನು ಬರೀ ತೊಟ್ಟಿಲು ತೂಗಿದೆ, ಅಷ್ಟೆ. ಅದು ನನಗೆ ಇವತ್ತಿಗೂ ಉರಿಯುತ್ತದೆ.

ನಿನ್ನಪ್ಪ ಕೆಟ್ಟವರಾಗಿರಲಿಲ್ಲ. ನಿನಗೂ ನನಗೂ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ.

ಅವರು ತೀರಿಕೊಂಡ ಮೇಲೆ ಬೀಗದ ಕೈ ನನ್ನ ಕೈಗೆ ಬಂತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಾಡು ಕೂಡದು, ಕಾದೆ. ವರ್ಷದ ಊಟವಾಗಿ, ದುಃಖದ ವರ್ಷ ಕಳೆಯಿತೆಂದು ಹೆಂಗಸರು ನನಗೆ ಬಿಳಿ ಬಟ್ಟೆ ಉಡಿಸಿದರು. ಓಣಿಯವರೆಲ್ಲ ಸಂಸಾ, ಹಲ್ವಾ, ಒಣ ಏಪ್ರಿಕಾಟ್ ಎಂದು ತಟ್ಟೆ ತುಂಬಿ ತಂದಿಟ್ಟು ಹೋದರು. ಅದೇ ವಾರ ನಿನ್ನ ದೊಡ್ಡಪ್ಪನೂ ಬಂದರು. ಪೆಟ್ಟಿಗೆ ತೆರೆದು ನಾನು ರೆಕಾರ್ಡುಗಳನ್ನು ಹಂಚಲಿದ್ದೇನೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

"ನನ್ ತಮ್ಮ ಬದುಕಿರೋವರ್ಗೂ ಬೀದಿಗೆ ಬಿಡದೇ ಇದ್ದಿದ್ದನ್ನ ಈಗ ನೀನು ಬೀದಿಗ್ ಬಿಡ್ತೀಯಾ? ಶುಕ್ರವಾರ ನಮಾಜ್ ಮುಗಿಸ್ಕೊಂಡು ಗಾಡಿ ತರ್ತೀನಿ. ಎಲ್ಲಾ ಒಯ್ದು ಕಾಲುವೆಗೆ ಹಾಕ್ತೀನಿ. ಸತ್ತೋನ ಮಾತು ಉಳೀಬೇಕು" ಎಂದರು. ನಾನು, "ಚಹಾ ಆರ್ತಾ ಇದೆ, ಕುಡೀರಿ ಭಾವ" ಎಂದೆ. ಹಠ ಹಿಡಿದರೆ ಅವರು ಬಿಡುವವರಲ್ಲ, ಗಂಡಸರನ್ನು ಕರೆತಂದು ಎತ್ತಿಸಿಕೊಂಡು ಹೋಗುವವರೇ. ನನ್ನ ದನಿ ಲೋಕದಲ್ಲಿ ಉಳಿದಿದ್ದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ.

ಅವರು ಹೋದ ಮೇಲೆ ಲೋಟ ತೊಳೆಯಲು ಅಡುಗೆಮನೆಗೆ ಬಂದರೆ ಗೋಡೆಗೆ ಒರಗಿಸಿಟ್ಟ ತಟ್ಟೆಗಳು ಕಂಡವು, ಓಣಿಯ ಪ್ರತಿ ಮನೆಯದೂ. ನಮ್ಮಲ್ಲಿ ನೆರೆಮನೆಯ ತಟ್ಟೆಯನ್ನು ಖಾಲಿ ಹಿಂತಿರುಗಿಸುವುದುಂಟೇ! ಒಂದು ಹಿಡಿ ಒಣದ್ರಾಕ್ಷಿಯಾದರೂ ಇಡಬೇಕು. ಒಂದು ರೆಕಾರ್ಡು ತೆಗೆದು ಪಲಾವಿನ ತಟ್ಟೆಯಲ್ಲಿಟ್ಟೆ, ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ನಗು ಬಂತು. ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ.

ಮಂಡಿನೋವು ಕಟ್ಟಿಟ್ಟು ಇಡೀ ಗುರುವಾರ ಓಣಿ ತಿರುಗಿದೆ. ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಬಾಗಿಲಲ್ಲೇ ಕೊಟ್ಟು, ಮುಂದಿನ ಮನೆಗೆ. ಮಿಕ್ಕದ್ದನ್ನು ಆಚೆ ಓಣಿಯ ನೂಲಿನ ಹೆಂಗಸರಿಗೆ ಕೊಟ್ಟೆ. ಕೊಟ್ಟ ಮೇಲೆ ತಟ್ಟೆಯಲ್ಲಿದ್ದುದನ್ನು ಮರಳಿ ಕೇಳಲು ಯಾವ ಗಂಡಸಿಗೂ ಬಾಯಿ ಬರುವುದಿಲ್ಲ, ಅದು ನನಗೆ ಗೊತ್ತಿತ್ತು.

ಶುಕ್ರವಾರ ದೊಡ್ಡಪ್ಪ ಗಾಡಿ ತಂದೇಬಿಟ್ಟರು. "ಇಲ್ಲೇ ಇದೆ ಪೆಟ್ಟಿಗೆ, ತಗೊಂಡ್ ಹೋಗಿ ಭಾವ" ಎಂದೆ. ಎತ್ತಲು ಹೋದರು, ಹೂವಿನ ಹಾಗೆ ಮೇಲೆ ಬಂತು.

"ಒಳಗಿದ್ದಿದ್ದೆಲ್ಲಿ?"

"ನೆರೆಹೊರೆಯವ್ರ ತಟ್ಟೆ ಖಾಲಿ ಕಳ್ಸೋಕಾಗುತ್ತಾ ಭಾವ?"

ಮುಖ ಕೆಂಪಾಯಿತು. "ಮನೆಮನೆಗೂ ಹೋಗಿ ಇಸ್ಕೊಂಡ್ ಬರ್ತೀನಿ!"

"ಹೋಗಿ. ನಿಮ್ಮನೆಯಿಂದ್ಲೇ ಶುರು ಮಾಡಿ. ನಿಮ್ಮನೆ ತಟ್ಟೆನೂ ನಿನ್ನೇನೇ ಹೋಯ್ತು, ಅಕ್ಕನೇ ಈಸ್ಕೊಂಡ್ರು."

ಅವರು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಹೋಸಿಯತ್ ತನ್ನ ಹಳೇ ರೇಡಿಯೋಲಾದ ಮೇಲೆ ರೆಕಾರ್ಡು ಇಟ್ಟಳು. ಮುಳ್ಳಿನ ಗರಗರ ಮುಗಿದು ಗೋಡೆಯಾಚೆಯಿಂದ ನನ್ನ ದನಿ ಬಂತು ಮುನಿಸಾ. ಎಂಥ ಎಳೆ ದನಿ! ನನ್ನ ಮಗಳ ವಯಸ್ಸಿನವಳು ಯಾರೋ ಹಾಡಿದ ಹಾಗಿತ್ತು. ದೊಡ್ಡಪ್ಪ ಪೆಟ್ಟಿಗೆ ಹಿಡಿದುಕೊಂಡೇ ನಿಂತರು, ಹಾಡು ಮುಗಿದ ಮೇಲೆ ಅದನ್ನು ಕೆಳಗಿಟ್ಟು, ಟೋಪಿ ಸರಿಮಾಡಿಕೊಂಡು ಹೊರಟುಹೋದರು. ಹೋಸಿಯತ್ ಏಣಿ ಹತ್ತಿ ಗೋಡೆಯ ಮೇಲಿಂದ ತಲೆ ಹಾಕಿ, "ಏ ಇನೋಯತ್, ಇಂಥ ಗಂಟ್ಲು ಇಟ್ಕೊಂಡು ಇಷ್ಟ್ ವರ್ಷ ನನ್ ಹತ್ರ ಬರೀ ಉಪ್ಪು ಕೇಳ್ತಿದ್ಯಲ್ಲೇ ಪಾಪಿ!" ಎಂದು ಅಳುತ್ತಾ ಬೈದಳು.

ಅದಕ್ಕೇ ಹೇಳುತ್ತೇನೆ, ನಿನ್ನ ಗಾಜಿನ ಬೀರುವಿನಲ್ಲಿ ಪಿಂಗಾಣಿ ಇಟ್ಟುಕೋ. ರೆಕಾರ್ಡು ಅಲ್ಲಿಟ್ಟರೂ ಅದು ಬೀಗವೇ. ನನ್ನ ಮೇಲೆ ಬೇಜಾರಾದರೆ ಬಂದು ಎದುರೇ ಜಗಳವಾಡು, ಸಂಸಾ ಮಾಡಿಡುತ್ತೇನೆ.

ಎಲ್ಲರಿಗೂ ನನ್ನ ನೆನಪುಗಳನ್ನು ಹೇಳು.

ನಿನ್ನನ್ನು ಎದೆಗವಚಿಕೊಳ್ಳುವ,
ನಿನ್ನ ಅಮ್ಮ,
ಇನೋಯತ್ ಕಾಮಿಲೋವಾ

ತಾ.ಕ.: ವರ್ಷದ ಊಟಕ್ಕೆ ನೀನು ತಂದಿದ್ದ ನೀಲಿ ತಟ್ಟೆಯನ್ನು ಈ ಕಾಗದದ ಜೊತೆ ಬಸ್ಸಿನವನ ಕೈಲಿ ಕಳಿಸಿದ್ದೇನೆ. ಹುಷಾರಾಗಿ ಬಿಚ್ಚು. ಅದರಲ್ಲಿರುವುದು ಪೆಟ್ಟಿಗೆಯ ತಳದಲ್ಲಿ, ನಿನ್ನಪ್ಪನ ಹಳೇ ಹತ್ತಿಯಂಗಿಯಲ್ಲಿ ಸುತ್ತಿಟ್ಟಿದ್ದ ರೆಕಾರ್ಡು. ಉಳಿದವು ಹೆಚ್ಚುಕಡಿಮೆ ಎಲ್ಲ ಮುಳ್ಳು ತಾಗದೆ ಮಿರಮಿರ ಮಿಂಚುತ್ತಿದ್ದವು. ಇದೊಂದು ಹಾಕಿ ಹಾಕಿ, ಎರಡೂ ಕಡೆ ಸವೆದು ಬೂದಿ ಬಣ್ಣಕ್ಕೆ ಬಂದಿದೆ. ಲಾರಿ ಶೆಡ್ಡಿನಲ್ಲಿ ಅವರದೊಂದು ಗ್ರಾಮಫೋನು ಇತ್ತು, ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ನಾನು ಅಂಗಳದ ಈಚೆ ಅಡುಗೆಮನೆಯಲ್ಲೇ ಇರುತ್ತಿದ್ದೆ. ಒಂದು ಮಾತು ಕೇಳಿದ್ದರೆ ಹಾಡುತ್ತಿದ್ದೆ.