ಎದುರಿನ ಕುರ್ಚಿಯ ವಕೀಲರಿಗೆ

ಸ್ಯಾನ್ ಹೊಸೆ
11 ಮಾರ್ಚ್ 2001, ಭಾನುವಾರ

ಮೈಸೂರು ಕೋರ್ಟಿನ ನಿವೃತ್ತ ವಕೀಲರೂ ನನ್ನ ಕಾಯಂ ಎದುರಾಳಿಗಳೂ ಆದ ಪ್ರೀತಿಯ ತಾತನಿಗೆ, ಮೊಮ್ಮಗ ಅಚ್ಯುತನ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಪ್ರಭಾ ಅತ್ತೆಯ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀರೋ, ಅದಕ್ಕೂ ತಕರಾರು ಅರ್ಜಿ ಹಾಕಿದ್ದೀರೋ? ಇಲ್ಲಿ ಅಪ್ಪ ಅಮ್ಮ ಕ್ಷೇಮ. ಊಟದ ಮೇಜಿನಲ್ಲಿ ನನ್ನ ಎದುರಿನ ಕುರ್ಚಿಯೂ ಕ್ಷೇಮ. ನೀವು ನಮ್ಮ ಮನೆ ಬಿಟ್ಟು ಮೈಸೂರಿಗೆ ಹೋಗಿ ಐದು ತಿಂಗಳಾಯಿತು. ಈಗ ಅದರ ಮೇಲೆ ಇಸ್ತ್ರಿಯಾಗದ ಬಟ್ಟೆಗಳ ರಾಶಿ ಕೂತಿದೆ. ನಾನು ಏನು ಹೇಳಿದರೂ ಒಪ್ಪಿಕೊಂಡುಬಿಡುತ್ತದೆ. ಅದಕ್ಕಿಂತ ಬೇಜಾರಿನ ಸಂಗತಿ ಇನ್ನೊಂದಿಲ್ಲ.

ಇಂಟರ್ನೆಟ್ಟಿನಲ್ಲಿ ದೋಸೆಹಿಟ್ಟು ಮಾರುವ ನಮ್ಮ ಕಂಪನಿಯಲ್ಲಿ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಅದಕ್ಕೆ ನನ್ನನ್ನು ತಯಾರು ಮಾಡಿದ್ದು ಕಾಲೇಜಲ್ಲ, ಅಮ್ಮ ಗಣಿತ ಕಲಿಸುತ್ತಿದ್ದ ಆ ಯಹೂದಿ ಶಾಲೆ. ಬೆಳಗ್ಗೆ ಮನೆಯಿಂದ ಹೊರಡುತ್ತಿದ್ದುದು ಒಂದೇ ಕಾರಾದ್ದರಿಂದ ನಾನೂ ಅಲ್ಲೇ ಎಂಟು ವರ್ಷ ಓದಿದೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಒಂದೇ ಪಾಠ ಕೊಡುತ್ತಿದ್ದರು. ಒಬ್ಬ ಅರ್ಥ ಹೇಳಬೇಕು. ಇನ್ನೊಬ್ಬ ಮನಸ್ಸಿನಲ್ಲಿ ಒಪ್ಪಿದ್ದರೂ ಅದರಲ್ಲಿ ತೂತು ಹುಡುಕಬೇಕು. ಬಲವಾಗಿ ವಿರೋಧಿಸಿದಷ್ಟೂ ಜೊತೆಗಾರನಿಗೆ ಹೆಚ್ಚು ಮರ್ಯಾದೆ ಕೊಟ್ಟಂತೆ ಎನ್ನುತ್ತಿದ್ದರು ನಮಗೆ ಧರ್ಮಪಾಠ ಹೇಳುತ್ತಿದ್ದ ರಬ್ಬಿ ಮೇಷ್ಟ್ರು. ಮನೆಪಾಠಕ್ಕೂ ಜೋಡಿ ಬೇಕಿತ್ತು. ನಮ್ಮ ಬೀದಿಯಲ್ಲಿ ಆ ಶಾಲೆಯ ಬೇರೆ ಮಕ್ಕಳಿರಲಿಲ್ಲ. ನೀವು ಪಂಚೆ ಸರಿಮಾಡಿಕೊಂಡು ಎದುರು ಕೂತು, "ಆಕ್ಷೇಪಣೆ ಇದೆ, ಮರಿ ವಕೀಲರೇ" ಎಂದು ಶುರುಮಾಡಿದಿರಿ. ಕೊನೆಗೆ ಚಕ್ಕುಲಿ ಮುರಿದು ಅರ್ಧ ನನಗೆ ಕೊಟ್ಟರೆ ವಾದ ಮುಗಿದಂತೆ. ಆಮೇಲೆ ಯಾರೂ ಸಿಟ್ಟಿಟ್ಟುಕೊಳ್ಳುವ ಹಾಗಿರಲಿಲ್ಲ.

ಈಗ ನನ್ನ ಅಪರಾಧದ ವಿವರ. ನಮ್ಮ ಮಂಡ್ಯದ ಗುರುಕಿರಣ್ ನೆನಪಿದ್ದಾನಲ್ಲ, ಮುದ್ದೆಯೇ ಶ್ರೇಷ್ಠವೆಂದು ನಿಮ್ಮೊಡನೆ ಜಗಳವಾಡಿದವನು? ಆಫೀಸಿನಲ್ಲಿ ನನಗಿದ್ದ ಗೆಳೆಯ ಅವನೊಬ್ಬನೇ. ಹಿಟ್ಟಿನ ವ್ಯಾನಿಗೆ ದಾರಿ ತೋರಿಸುವ ಪ್ರೋಗ್ರಾಮನ್ನು ಅವನು ಎರಡು ವಾರದ ಹಿಂದೆ ಬಂಡವಾಳ ಹಾಕುವವರ ಮುಂದೆ ತೋರಿಸಿದ. ನಾನು ಎದ್ದು, "ಘನ ಸಭೆಯ ಅವಗಾಹನೆಗೆ" ಎಂದು ಸಾಕ್ಷಿಯನ್ನು ಮೇಜಿನ ಮೇಲಿಟ್ಟೆ. ಬಿಸಿಲಲ್ಲಿ ನಿಂತ ನನ್ನ ಕಾರಿನೊಳಗೆ ಮೂರು ಗಂಟೆ ಇಟ್ಟಿದ್ದ ಹಿಟ್ಟಿನ ಡಬ್ಬಿ ಅದು. ಮುಚ್ಚಳ ಹಾರಿ, ಹಿಟ್ಟು ಉಬ್ಬಿ ಹರಿದಿತ್ತು. ವ್ಯಾನು ಫ್ರೀವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಗತಿಯೇನು ಎಂದೆ. ಎಲ್ಲರೂ ನಕ್ಕರು. ಅವನೂ ಎದ್ದು ನನ್ನ ವಾದವನ್ನು ಚಿಂದಿ ಮಾಡುತ್ತಾನೆ, ಆಮೇಲೆ ಇಬ್ಬರೂ ಊಟಕ್ಕೆ ಹೋಗುತ್ತೇವೆ ಎಂದುಕೊಂಡಿದ್ದೆ. ಅವನು ಲ್ಯಾಪ್‌ಟಾಪು ಮುಚ್ಚಿಕೊಂಡು ಹೊರಟುಹೋದ. ಪಾರ್ಕಿಂಗಿನಲ್ಲಿ ಹಿಡಿದು ನಿಲ್ಲಿಸಿದರೆ, "ಅಷ್ಟು ಜನ್ರ ಮುಂದೆ ಯಾಕ್ಲಾ ಮಾನ ಕಳ್ದೆ? ಮೊದ್ಲೇ ನನ್ ಕಿವೀಲಿ ಒಂದ್ ಮಾತು ಹೇಳಕ್ಕೆ ಏನಾಗಿತ್ತು?" ಎಂದ. ಇದು ಮರ್ಯಾದೆ ಕೊಡುವ ಕ್ರಮ ಎಂದು ವಿವರಿಸಿದೆ. "ಇಂಥ ಮರ್ವಾದೆ ನಂಗ್ ಬ್ಯಾಡ ಕಣಪ್ಪ" ಎಂದ.

ಮ್ಯಾನೇಜರು ನನ್ನನ್ನು ತಪ್ಪು ಹುಡುಕುವವರ ತಂಡಕ್ಕೆ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ರಬ್ಬಿ ಮೇಷ್ಟ್ರಿಗೆ ಜಯವಾಗಲಿ. ನಾನು ಒಬ್ಬನೇ ಊಟ ಮಾಡುತ್ತೇನೆ. ಗುರುಕಿರಣನ ಮೇಜಿನ ಮೇಲೆ ಅರ್ಧ ಚಕ್ಕುಲಿ ಇಟ್ಟು ಬಂದೆ; ಮೂರು ದಿನ ಅದು ಅಲ್ಲೇ ಇತ್ತು. ಈ ಆಫೀಸಿನಲ್ಲಿ ಇರುವೆಗಳೂ ನನ್ನ ಪರ ಇಲ್ಲ.

ಅಂದಿನಿಂದ ಒಂದೇ ಯೋಚನೆ. ಅವನಿಗೆ ನಿಯಮ ಗೊತ್ತಿರಲಿಲ್ಲ. ಗೊತ್ತಿದ್ದವರಿಗೂ ನೋವಾಗಿರಬಹುದೇ? ಅಕ್ಟೋಬರಿನಲ್ಲಿ ನೀವು, "ನಾನು ಇಲ್ಲೇ ಇರ್ಬೇಕು ಅಂತ ವಾದಿಸ್ತೀನಿ, ಎದುರು ಹೇಳು ನೋಡೋಣ" ಎಂದಿರಿ. ನಾನು ನಿಯಮದಂತೆ ಹೇಳಿದೆ: ಮೈಸೂರಿನಲ್ಲಿ ನಿಮ್ಮ ಗೆಳೆಯರಿದ್ದಾರೆ, ಇಲ್ಲಿ ಕಾರಿಲ್ಲದೆ ಹಾಲು ತರುವುದಕ್ಕೂ ಆಗುವುದಿಲ್ಲ, ಹಗಲೆಲ್ಲ ಗೋಡೆ ನೋಡುತ್ತಾ ಕೂರುತ್ತೀರಿ. ಹೀಗೆ ಏಳು ಅಂಶ. ನೀವು, "ನೀನೇ ಗೆದ್ದೆ ಕಣೋ" ಎಂದಿರಿ. ಮಾರನೆಯ ವಾರ ಟಿಕೆಟ್ ಬಂತು.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ಎಣ್ಣೆ ತಪ್ಪಿಸಬೇಡಿ.

ನಿಮ್ಮ ಪ್ರತಿಪಕ್ಷದ ವಕೀಲ,
ಅಚ್ಯುತ

ಮರೆತಿದ್ದೆ: ಅಪ್ಪ ಅಂಚೆಗೆ ಹಾಕಲು ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ಏಳು ಅಂಶಗಳಲ್ಲಿ ನನ್ನ ಮನಸ್ಸಿನದು ಒಂದೂ ಇರಲಿಲ್ಲ. ನನಗಿದ್ದದ್ದು ಒಂದೇ ಅಂಶ. ಅದು ನಿಮ್ಮ ಪಕ್ಷದ್ದಾದ್ದರಿಂದ ಹೇಳುವ ಹಾಗಿರಲಿಲ್ಲ. ಅವತ್ತು ನೀವು ಚಕ್ಕುಲಿ ಮುರಿಯದೆ ಎದ್ದಿರಿ ತಾತ. ವಾದ ಇನ್ನೂ ಮುಗಿದಿಲ್ಲ. ಕುರ್ಚಿಯ ಮೇಲಿನ ಬಟ್ಟೆ ಈಗಷ್ಟೇ ತೆಗೆದಿಟ್ಟೆ.